ಒಹಾಯೊದ ರಿಂಗು, ಔರಾದಿನ ಬಸ್ಸು

ನೌಬಾದ

ಅಮೆರಿಕಕ್ಕೆ ಹೋಗಿ ಬಂದವರು ಅಲ್ಲಿನ ರಸ್ತೆಗಳ ವರ್ಣನೆಯಿಂದ ಕಥೆ ಶುರುಮಾಡುವುದು ವಾಡಿಕೆ. ನಾನು ಸಂತಪುರದ ಶಕುಂತಲಾಬಾಯಿಯವರಿಂದ ಶುರುಮಾಡಬೇಕಾಗಿದೆ. ಅವರು ಹಟ ಹಿಡಿಯದೆ ಹೋಗಿದ್ದರೆ, ಗಡಿಯಾಚೆಯ ಜಹೀರಾಬಾದು ದಾಟಿದರೇ ಪರದೇಶ ಬಂತೆಂದು ತಿಳಿದಿದ್ದ ನಾನು ಪಾಸ್‌ಪೋರ್ಟಿನ ಫೋಟೊಕ್ಕೆ ಕಣ್ಣರಳಿಸಿ ಕೂರುವ ಪ್ರಮೇಯವೇ ಬರುತ್ತಿರಲಿಲ್ಲ.

ಬೀದರಿನ ಅಂಚಿನ ನೌಬಾದದಲ್ಲಿ, ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಕ್ಕಳಿಗೆಂದು ಒಂದು ಶಾಲೆಯಿದೆ. ಅಲ್ಲಿ ನಾನು ಟೀಚರ್. ಶಕುಂತಲಾಬಾಯಿ ಔರಾದ ತಾಲ್ಲೂಕಿನ ಸಂತಪುರದಲ್ಲಿ ಅಂಗನವಾಡಿ ನಡೆಸುತ್ತಾರೆ. ಅವರ ಮಗಳು ಸುಜಾತಾ ನಮ್ಮ ಶಾಲೆಯ ಹಾಸ್ಟೆಲಿನಲ್ಲೇ ಬೆಳೆದು, ಹದಿನೆಂಟು ತುಂಬಿದ ಮೇಲೆ ಊರಿಗೆ ಮರಳಿದವಳು. ಅಕ್ಷರ ಅವಳಿಗೆ ಹತ್ತಲಿಲ್ಲ. ಆದರೆ ಕೈಕೆಲಸ ಅಚ್ಚುಕಟ್ಟು, ನೆನಪು ಗಟ್ಟಿ. ಮಾತಿಗಂತೂ ಬರವೇ ಇಲ್ಲ. ಎದುರು ಸಿಕ್ಕವರನ್ನೆಲ್ಲ ಯಾವ ಊರು, ಯಾರ ಮನೆ, ಮನೆಯಲ್ಲಿ ಯಾರ್ಯಾರಿದ್ದಾರೆ, ಇವತ್ತು ಏನು ಉಂಡಿರಿ ಎಂದು ಕೇಳುತ್ತಾಳೆ. ಉತ್ತರ ಬರುವ ತನಕ ಬಿಡುವುದಿಲ್ಲ.

ಔರಾದಿನಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಒಂದು ಕೇಂದ್ರವಿದೆ. ಅದರ ಒಡತಿ ಮಹಾದೇವಿಯವರು ಸುಜಾತಾಳಿಗೆ ರೊಟ್ಟಿ ಎಣಿಸಿ ಪ್ಯಾಕ್ ಮಾಡುವ ಕೆಲಸ ಕೊಡಲು ಒಪ್ಪಿದ್ದರು. ಸುಜಾತಾ ಅದಾಗಲೇ ಆ ಕೆಲಸಕ್ಕೆ ಹಾಕಿಕೊಳ್ಳುವ ಬಟ್ಟೆಯನ್ನು ಬೇರೆ ತೆಗೆದಿಟ್ಟುಕೊಂಡು ಕುಳಿತಿದ್ದಳು. ಅಡ್ಡಿಯಿದ್ದದ್ದು ಒಂದೇ. ದಿನವೂ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರಬೇಕು. ತಾಯಿಗೆ ಅಂಗನವಾಡಿ, ತಂದೆಗೆ ಹೊಲ. ಶಕುಂತಲಾಬಾಯಿ ಮಾತ್ರ ಸುತರಾಂ ಒಪ್ಪಲಿಲ್ಲ.

ಅವರಿಗೆ ಕಾರಣವಿತ್ತು. ಹಿಂದಿನ ಸುಗ್ಗಿಯಲ್ಲಿ ತೊಗರಿ ಮಾರಲು ಮನೆಮಂದಿಯೆಲ್ಲ ಬೀದರಿನ ಧಾನ್ಯದ ಮಾರುಕಟ್ಟೆ ಗಾಂಧಿ ಗಂಜಿಗೆ ಬಂದಿದ್ದರು. ಅಡತಿ ಅಂಗಡಿಯ ಮುಂದೆ ತೂಕ ನಡೆದಿದ್ದಾಗ ಸುಜಾತಾ ಮಾಯವಾದಳು. ತಳ್ಳುಗಾಡಿಗಳ ಸಂದಿ, ಲಾರಿಗಳ ಮರೆ ಎಲ್ಲ ಹುಡುಕಿ, ಹಮಾಲರನ್ನೆಲ್ಲ ಓಡಾಡಿಸಿ, ಕೊನೆಗೆ ಗಂಜಿನ ಗೇಟಿನಾಚೆ ಆಟೋ ಒಂದರಲ್ಲಿ ಆರಾಮಾಗಿ ಕುಳಿತಿದ್ದವಳನ್ನು ಹಿಡಿದರು. ಪಕ್ಕದಲ್ಲಿ ಒಬ್ಬ ಮುದುಕ. ಜನ ಅವನ ಅಂಗಿ ಹಿಡಿದಾಗ ಅವನಿಗೆ ಅಳುವೇ ಬಂದಿತ್ತು. "ನಾ ಎಲ್ಲಿ ಕರದೀನ್ರಪ್ಪ. ಮನ್ಯಾಗ ಎಮ್ಮಿ ಈದದ ಅಂದೆ. ಕರು ನೋಡ್ತೇನಿ ಅಂತ ಆಕೀನೇ ಬೆನ್ನ ಹತ್ಯಾಳ."

"ಅವತ್ತ ಆ ಮುತ್ಯಾ ಇದ್ದ, ಛಲೋ ಆಯ್ತು," ಎಂದರು ಶಕುಂತಲಾಬಾಯಿ ನನ್ನ ಮುಂದೆ ಕುಳಿತು. "ನಾಳಿ ಯಾರ್ ಇರ್ತಾರೋ ಯಾರಿಗಿ ಗೊತ್ತದರಿ. ಯಾರ ಕೂಡ ಮಾತಾಡ್ಬೇಕು, ಯಾರ ಕೂಡ ಬ್ಯಾಡ ಅಂತ ನೀವು ಆಕಿಗಿ ಕಲಸ್ರಿ ಟೀಚರ್. ಕಲಿತ ಮ್ಯಾಲ ಬಸ್ಸಿಗಿ ಕಳಸ್ತೇನಿ. ಅಲ್ಲಿತನಕ ಇಲ್ಲರಿ."

ಇದನ್ನು ಹೇಗೆ ಕಲಿಸುವುದೆಂದು ನನಗೆ ತಿಳಿದಿರಲಿಲ್ಲ. ಅದೇ ಹೊತ್ತಿಗೆ ನಮ್ಮ ಶಾಲೆ ನಡೆಸುವ ಚರ್ಚಿನೊಂದಿಗೆ ಮಿಷನ್ ಕಾಲದಿಂದ ನಂಟಿರುವ, ಅಮೆರಿಕದ ಒಹಾಯೊ ರಾಜ್ಯದ ಕ್ರೈಸ್ತ ಸಭೆಯೊಂದು, ಒಬ್ಬ ಟೀಚರನ್ನು ಕಳಿಸಿದರೆ ವಿಶೇಷ ಮಕ್ಕಳಿಗೆ ಸಾಮಾಜಿಕ ನಡವಳಿಕೆ ಕಲಿಸುವ ವಿಧಾನ ತೋರಿಸುತ್ತೇವೆಂದು ಹೇಳಿಕಳಿಸಿತು. ಹೋಗಬಹುದಾಗಿದ್ದವರು ಮೂವರು. ಉಳಿದಿಬ್ಬರಿಗೆ ಚಳಿ ಆಗದು. ಹೀಗೆ ನನ್ನ ಪ್ರತಿಭೆ ಗುರುತಿಸಲ್ಪಟ್ಟಿತು.

ಆಕಾಶದಲ್ಲಿ

ವಿಮಾನದಲ್ಲಿ ನನ್ನ ಪಕ್ಕ ಕುಳಿತವನು ಮೂವತ್ತರ ಆಸುಪಾಸಿನ ಹುಡುಗ. ಕೂತ ಕೂಡಲೇ, ಎಲ್ಲಿಗೆ ಹೊರಟೆಯಪ್ಪಾ ಎಂದೆ. ವಿಮಾನ ಹೋಗುವ ಊರಿಗೇ ಎಂದ. ಯಾವ ಊರಿನವನು ಎಂದೆ. ಹೇಳಿದ. ತಂದೆ ಏನು ಮಾಡುತ್ತಾರೆ ಎನ್ನುವಷ್ಟರಲ್ಲಿ ಅವನು ಎರಡೂ ಕಿವಿಗಳಿಗೆ ದಪ್ಪನೆಯ ಮುಚ್ಚಳದಂಥದ್ದನ್ನು ಹಾಕಿಕೊಂಡು ಕಣ್ಣು ಮುಚ್ಚಿದ.

ನಮ್ಮ ಬೀದರಿನ ರೈಲಿನಲ್ಲಾದರೆ ಗಾಡಿ ಹೊರಡುವ ಮೊದಲೇ ಇಬ್ಬರ ವಂಶಾವಳಿಯೂ ಹೊರಗೆ ಬಿದ್ದಿರುತ್ತದೆ. ಮುಂದಿನ ನಿಲ್ದಾಣಕ್ಕೆ ದೂರದ ಸಂಬಂಧವೊಂದು ಪತ್ತೆಯಾಗಿರುತ್ತದೆ, ಅದರ ಮುಂದಿನದಕ್ಕೆ ಆ ಸಂಬಂಧಿಕರ ಮೇಲಿನ ದೂರು ಶುರುವಾಗಿರುತ್ತದೆ. ಇಲ್ಲಿ ಒಬ್ಬನ ಮೊಣಕೈಗೆ ಮೊಣಕೈ ತಗಲಿಸಿಕೊಂಡು ಅರ್ಧ ಭೂಮಿ ದಾಟಿದೆ. ಅವನಿಗೆ ಮದುವೆಯಾಗಿದೆಯೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ನಡುವೆ ಒಮ್ಮೆ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿ ತೆಗೆದು ಅವನ ಮುಂದೆ ಹಿಡಿದೆ. ಅವನು ಗಾಬರಿಯಾಗಿ ಗಗನಸಖಿಯ ಕಡೆ ನೋಡಿದ.

ಒಹಾಯೊ

ನನ್ನನ್ನು ತಮ್ಮ ಮನೆಯಲ್ಲಿ ಇಳಿಸಿಕೊಂಡವರು ಮಾರ್ಥಾ ಎಂಬ ನಿವೃತ್ತ ಶಿಕ್ಷಕಿ. ಎಪ್ಪತ್ತು ದಾಟಿದವರು. ಮಾರ್ಥಾ ಆಂಟಿ ಎಂದರೆ, ಬರೀ ಮಾರ್ಥಾ ಸಾಕು ಎಂದರು. ತಾಯಿಯ ವಯಸ್ಸಿನವರನ್ನು ಬರೀ ಹೆಸರಿನಿಂದ ಕರೆಯಲು ನಾಲಿಗೆ ಏಳದೆ, ಇದ್ದಷ್ಟು ದಿನವೂ ಅವರನ್ನು ನಾನು ಏನೆಂದೂ ಕರೆಯಲಿಲ್ಲ. ಅವರ ಎದುರಿಗೆ ಹೋಗಿ ನಿಂತು, ಅವರು ನೋಡುವವರೆಗೆ ಕೆಮ್ಮುತ್ತಿದ್ದೆ. ಮೂರನೆಯ ದಿನ ಅವರು ಕೆಮ್ಮಿನ ಔಷಧ ತಂದುಕೊಟ್ಟರು.

ಶಾಲೆ ದೊಡ್ಡದು. ತರಗತಿಯಲ್ಲಿ ನೆಲದ ಮೇಲೆ ಬಣ್ಣಬಣ್ಣದ ಪ್ಲಾಸ್ಟಿಕ್ ರಿಂಗುಗಳನ್ನು ಹಾಸಿದ್ದರು. ನಮ್ಮಲ್ಲಿ ಹುಡುಗಿಯರು ಸೊಂಟಕ್ಕೆ ಹಾಕಿ ತಿರುಗಿಸುತ್ತಾರಲ್ಲ, ಅಂಥವು. ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದರೊಳಗೆ ನಿಲ್ಲಬೇಕು. ಅಷ್ಟು ಜಾಗ ಅವನದು. ಅದರೊಳಗೆ ಯಾರೂ ಬರುವಂತಿಲ್ಲ, ಅವನೂ ಇನ್ನೊಬ್ಬರ ರಿಂಗಿಗೆ ಕಾಲಿಡುವಂತಿಲ್ಲ. ನನಗೂ ಒಂದು ಹಳದಿ ರಿಂಗು ಕೊಟ್ಟರು. ಪಕ್ಕದ ಹುಡುಗಿ ಹಾಕಿಕೊಂಡಿದ್ದ ಸ್ವೆಟರಿನ ಹೆಣಿಗೆ ನೋಡಲೆಂದು ಬಗ್ಗಿದ್ದೇ ನಾನು ಮೊದಲ ಪಾಠದಲ್ಲಿ ತಪ್ಪಿದೆ.

ಆಮೇಲೆ ಗೋಡೆಯ ಮೇಲೆ ಒಂದರ ಸುತ್ತ ಒಂದು ಬರೆದ ವೃತ್ತಗಳು. ನಡುವಿನ ವೃತ್ತದಲ್ಲಿ ಮನೆಯವರು, ಅಪ್ಪಿಕೊಳ್ಳಬಹುದು. ಅದರಾಚೆ ಗೆಳೆಯರು. ಅದರಾಚೆ ಮುಖಪರಿಚಯದವರು, ಅವರಿಗೆ ಕೈ ಬೀಸಿದರೆ ಸಾಕು. ಎಲ್ಲಕ್ಕಿಂತ ಹೊರಗೆ ಕೆಂಪು ಪಟ್ಟಿ: ಅಪರಿಚಿತರು. ಮಾತಿಲ್ಲ, ಮುಟ್ಟುವುದಿಲ್ಲ. ನನ್ನ ವೃತ್ತಗಳನ್ನು ತುಂಬಲು ಹೇಳಿದರು. ಔರಾದ ಬಸ್ಸಿನ ಕಂಡಕ್ಟರ್ ಅಣ್ಣ, ತರಕಾರಿಯ ಮಾವಶಿ, ಆಟೋದ ಭಾಯಿ, ನಮ್ಮ ಓಣಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕಾಕಾ ಎಲ್ಲರನ್ನೂ ಒಳಗಿನ ಎರಡು ವೃತ್ತಗಳಲ್ಲಿ ಕೂರಿಸಿದೆ. ಜಾಗ ಸಾಲದೆ ಕೆಲವರನ್ನು ನಿಲ್ಲಿಸಿದೆ. ಕೆಂಪು ಪಟ್ಟಿ ಖಾಲಿ ಉಳಿಯಿತು. ಅಲ್ಲಿನ ಟೀಚರ್ ಅದನ್ನು ಬಹಳ ಹೊತ್ತು ನೋಡಿ, ಇದು ತುಂಬ ಕುತೂಹಲಕರ ಎಂದರು. ನಮ್ಮಲ್ಲಿ ಹುಡುಗಿ ನೋಡಲು ಬಂದವರು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಏಳುವಾಗ ಇದೇ ದನಿ ಬರುತ್ತದೆ.

ನನಗೆ ಊರು ತೋರಿಸಲು ಡ್ಯಾನಿ ಎಂಬ ಹಳೆಯ ವಿದ್ಯಾರ್ಥಿಯನ್ನು ಜೊತೆ ಮಾಡಿದರು. ಡೌನ್ ಸಿಂಡ್ರೋಮ್ ಇರುವ, ಇಪ್ಪತ್ತೈದು ದಾಟಿದ, ತಲೆಗೆ ನೀಟಾಗಿ ಬೈತಲೆ ತೆಗೆದ ಯುವಕ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ. ಇಬ್ಬರೂ ಒಂದು ದೊಡ್ಡ ಅಂಗಡಿಗೆ ಹೋದೆವು. ಬಿಲ್ಲು ಮಾಡುವ ಹೆಂಗಸಿನ ಮುಖ ದಣಿದಂತಿತ್ತು. ಊಟವಾಯಿತೇ ಎಂದೆ. ಮಕ್ಕಳೆಷ್ಟು ಎಂದೆ. ಇಲ್ಲ ಎಂದಳು. ಯಾಕೆ, ಡಾಕ್ಟರಿಗೆ ತೋರಿಸಿದಿರಾ ಎಂದೆ.

ಡ್ಯಾನಿ ಜೇಬಿನಿಂದ ಒಂದು ಕೆಂಪು ಕಾರ್ಡು ತೆಗೆದು ನನ್ನ ಮುಖದ ಮುಂದೆ ಹಿಡಿದ. ಯಾರಾದರೂ ಮಿತಿ ದಾಟಿದರೆ ತೋರಿಸಲೆಂದು ಅವರು ಶಾಲೆಯಲ್ಲಿ ಬಳಸುವ ಕಾರ್ಡು ಅದು. "ಖಾಸಗಿ ಪ್ರಶ್ನೆ" ಎಂದು ಮೆಲ್ಲಗೆ ಹೇಳಿದ. ಹೊರಗೆ ಬಂದ ಮೇಲೆ ನನ್ನನ್ನು ಸಮಾಧಾನ ಮಾಡಿದ. "ಬೇಜಾರಾಗಬೇಡ ಪ್ರೇಮಾ. ನನಗೂ ಕಲಿಯುವುದಕ್ಕೆ ಬಹಳ ಸಮಯ ಹಿಡಿಯಿತು."

ನನ್ನ ಇಪ್ಪತ್ತು ವರ್ಷದ ಅನುಭವದಲ್ಲಿ ಇಷ್ಟು ಚೆನ್ನಾಗಿ ನನ್ನ ತಪ್ಪು ತಿದ್ದಿದ ಟೀಚರು ಇನ್ನೊಬ್ಬರಿಲ್ಲ. ಆ ವಾರ ಅವನ ಕಾರ್ಡು ಜೇಬಿಗೆ ಮರಳುವುದೇ ಅಪರೂಪವಾಯಿತು. ಸಾಲಿನಲ್ಲಿ ನಿಂತಾಗ ಮುಂದಿನವರಿಗೆ ಒತ್ತಿ ನಿಂತೆ, ಕೆಂಪು. ಮಾರ್ಥಾ ಅವರ ನೆರೆಮನೆಯಾತನಿಗೆ ಸಂಬಳ ಕೇಳಿದೆ, ಕೆಂಪು. ಪಾರ್ಕಿನಲ್ಲಿ ಯಾರದೋ ಮಗುವಿನ ಗಲ್ಲ ಹಿಂಡಿದಾಗ ಡ್ಯಾನಿ ಕಾರ್ಡು ತೋರಿಸುವುದು ಬಿಟ್ಟು ನನ್ನನ್ನು ಕೈಹಿಡಿದು ಎಳೆದುಕೊಂಡೇ ನಡೆದ.

ಡ್ಯಾನಿಯ ಬಸ್ಸು

ಅವನ ಜೊತೆ ಬಸ್ಸಿನಲ್ಲಿ ಅವನ ಮನೆಗೂ ಹೋದೆ. ಒಂದು ಕೋಣೆ, ಒಂದು ಅಡುಗೆಮನೆ, ಅವನದೇ ಬೀಗದ ಕೈ. ಅದನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡಿದ್ದ. ನಮ್ಮ ಶಾಲೆಯಿಂದ ಹೊರಬಿದ್ದ ಯಾವ ಮಗುವಿಗೂ ಯಾರೂ ಬೀಗದ ಕೈ ಕೊಟ್ಟದ್ದನ್ನು ನಾನು ಕಂಡಿಲ್ಲ. ನಮ್ಮಲ್ಲಿ ಅಂಥ ಮಕ್ಕಳನ್ನು ಒಳಗಿಟ್ಟು ಬೀಗ ಹಾಕಿ ಹೊಲಕ್ಕೆ ಹೋಗುವವರು ಇದ್ದಾರೆ. ನನಗೆ ಹೊಟ್ಟೆಕಿಚ್ಚಾಯಿತು. ಅಮೆರಿಕದಲ್ಲಿ ನನಗೆ ಹೊಟ್ಟೆಕಿಚ್ಚು ತಂದ ವಸ್ತು ಅದೊಂದೇ.

ಹೋಗುವಾಗ ಬಸ್ಸಿನಲ್ಲಿ ಎಲ್ಲರೂ ಡ್ಯಾನಿಗೆ ಜಾಗ ಬಿಟ್ಟರು. ಯಾರೂ ದಿಟ್ಟಿಸಿ ನೋಡಲಿಲ್ಲ, ಯಾರೂ ನಗಲಿಲ್ಲ. ಯಾರೂ ಮಾತಾಡಿಸಲೂ ಇಲ್ಲ. ದಿನವೂ ಇದೇ ಬಸ್ಸಿಗೆ ಹತ್ತುವವರು ಇವರೇನಾ ಎಂದು ಕೇಳಿದೆ. ಹೌದು ಎಂದ. ಇವರಲ್ಲಿ ನಿನ್ನ ಹೆಸರು ಯಾರಿಗೆ ಗೊತ್ತು ಎಂದೆ. ಸ್ವಲ್ಪ ಯೋಚಿಸಿ, "ಯಾರಿಗೂ ಇಲ್ಲ. ಅಂದರೆ ನಾನು ಸರಿಯಾಗಿ ಮಾಡುತ್ತಿದ್ದೇನೆ" ಎಂದ.

ಅವನಿಗೆ ಅದರಲ್ಲಿ ದುಃಖವೇನೂ ಇದ್ದಂತೆ ಕಾಣಲಿಲ್ಲ. ನನಗೆ ಮಾತ್ರ, ಕಲಿತು ಹೋಗಬೇಕಾದದ್ದು ಇದನ್ನೇನಾ ಎಂಬ ಅನುಮಾನ ಹತ್ತಿತು. ಕಿಟಕಿಯಾಚೆ ನೋಡುತ್ತ ಕುಳಿತೆ. ಆದರೆ ಆ ಅನುಮಾನವನ್ನು ಹೊತ್ತುಕೊಂಡು ಊರಿಗೆ ಬರುವ ಬದಲು ವೃತ್ತಗಳ ಚಿತ್ರ ಹೊತ್ತುಕೊಂಡು ಬಂದೆ. ಚರ್ಚಿನವರು ಟಿಕೆಟ್ಟಿಗೆ ದುಡ್ಡು ಕೊಟ್ಟದ್ದು ಅನುಮಾನಕ್ಕಲ್ಲವಲ್ಲ.

ಭಾಲ್ಕಿ

ಅಮೆರಿಕಕ್ಕೆ ಹೋಗಿಬಂದವರು ಸುಮ್ಮನೆ ಕೂರುವಂತಿಲ್ಲ. ಭಾಲ್ಕಿಯ ಶಾಲೆಯೊಂದರಲ್ಲಿ ಶಿಕ್ಷಕರಿಗೆ ತರಬೇತಿ ಏರ್ಪಡಿಸಿ ನನ್ನನ್ನು ಕರೆದರು. ಪ್ಲಾಸ್ಟಿಕ್ ರಿಂಗು ಸಿಗಲಿಲ್ಲ. ಸೈಕಲ್ ಅಂಗಡಿಯಿಂದ ಹಳೆಯ ಟೈರುಗಳನ್ನು ತಂದು ಶಾಲೆಯ ಹಾಲ್ ತುಂಬ ಹಾಸಿದೆವು. ಒಬ್ಬೊಬ್ಬರು ಒಂದೊಂದು ಟೈರಿನೊಳಗೆ ನಿಂತರು. ಇಷ್ಟು ಜಾಗ ನಿಮ್ಮದು, ಇದರೊಳಗೆ ಯಾರೂ ಬರಬಾರದು ಎಂದೆ.

ಬಾಬುರಾವ್ ಎಂಬ ಹಿರಿಯ ಮಾಸ್ತರರು ಕೈ ಎತ್ತಿದರು. "ಮೇಡಮ್, ಒಂದ್ ಮಾತು. ಈ ಟೈರ್ ಹಿಡ್ಕೊಂಡು ನಾವು ಬಸ್ ಹತ್ತಿದ್ರ ಕಂಡಕ್ಟರ್ ಲಗೇಜ್ ಟಿಕೆಟ್ ಹರೀತಾನ್ರಿ."

"ಇದು ಮನಸ್ಸಿನಾಗ ಇರ್ಬೇಕ್ರಿ ಸರ್."

"ಮನಸ್ಸಿನಾಗ ಭಾಳ ಜಾಗ ಅದರಿ. ಬಸ್ಸಿನಾಗ ಇಲ್ಲ."

ಅಷ್ಟರಲ್ಲಿ ಹೋಗಿದ್ದ ಕರೆಂಟು ಬಂತು. ಹಾಲಿನಲ್ಲಿ ತಿರುಗುತ್ತಿದ್ದದ್ದು ಒಂದೇ ಫ್ಯಾನು. ನೋಡನೋಡುತ್ತಿದ್ದಂತೆ ತಾಲ್ಲೂಕಿನ ಶಿಕ್ಷಕವೃಂದವೆಲ್ಲ ಅದರ ಕೆಳಗಿನ ನಾಲ್ಕು ಟೈರುಗಳಲ್ಲಿ ನೆರೆದು, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು, ನನ್ನ ಮುಂದಿನ ಮಾತಿಗೆ ಕಾಯತೊಡಗಿತು. ಒಹಾಯೊದಲ್ಲಿ ಕೊಟ್ಟಿದ್ದ ಪರೀಕ್ಷೆಯ ಪ್ರಶ್ನೆಗಳನ್ನು ಓದಿದೆ. ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವ ಅಭ್ಯಾಸವಿದೆಯೇ? ಅಪರಿಚಿತರ ಖಾಸಗಿ ವಿಷಯ ಕೇಳುವುದುಂಟೇ? ಉತ್ತರಗಳನ್ನು ನೋಡಿದರೆ, ಟೀ ಕೊಡಲು ಬಂದವನನ್ನೂ ಸೇರಿಸಿ ಇಡೀ ಹಾಲನ್ನು ನನ್ನ ಶಾಲೆಗೆ ಭರ್ತಿ ಮಾಡಿಕೊಳ್ಳಬೇಕಿತ್ತು. ಹೋದ ಪುಟ್ಟ ಬಂದ ಪುಟ್ಟ ಅನ್ನುವಂತೆ ಟೈರು ಹೊರಿಸಿಕೊಂಡು ಸಂಜೆ ಬೀದರಿಗೆ ಮರಳಿದೆ.

ಸಂತಪುರ

ಭಾಲ್ಕಿಯಲ್ಲಿ ಸೋತರೂ ಸಂತಪುರದಲ್ಲಿ ಗೆದ್ದೆ. ಶಕುಂತಲಾಬಾಯಿಯವರ ಮನೆಯಂಗಳದಲ್ಲಿ ಸುಣ್ಣದಿಂದ ವೃತ್ತಗಳನ್ನು ಬರೆದು, ಮನೆಯವರ ಫೋಟೊಗಳನ್ನು ನಡುವೆ ಇಟ್ಟು, ವಾರಕ್ಕೆರಡು ಸಲ ಹೋಗಿ ಕಲಿಸಿದೆ. ಸುಜಾತಾ ಒಮ್ಮೆ ಹಿಡಿದದ್ದನ್ನು ಬಿಡುವವಳಲ್ಲ. ಕೆಂಪು ಪಟ್ಟಿಯ ಮಂದಿಯ ಜೊತೆ ಮಾತಾಡಬಾರದು ಎಂದರೆ ಮಾತಾಡಬಾರದು. ಅವರೇನಾದರೂ ಕೇಳಿದರೆ ಕೆಂಪು ಕಾರ್ಡು ತೋರಿಸಬೇಕು. ಕಾರ್ಡಿಗೆ ನಾನೇ ದಾರ ಕಟ್ಟಿ ಅವಳ ಕೊರಳಿಗೆ ಹಾಕಿದೆ.

ಮೊದಲ ಪ್ರಯೋಗ ನಡೆದದ್ದು ಎದುರುಮನೆಯ ಮುದುಕಿಯ ಮೇಲೆ. "ಏನ್ ಸುಜ್ಜಿ, ಉಂಡೇನ್?" ಎಂದು ಆಕೆ ದಿನದಂತೆ ಕೇಳಿದಳು. ಫೋಟೊಗಳಲ್ಲಿ ಆ ಮುದುಕಿಯನ್ನು ಇಡಲು ನಾನು ಮರೆತಿದ್ದೆ. ಸುಜಾತಾ ತುಟಿ ಬಿಗಿದು ಕಾರ್ಡು ಎತ್ತಿ ಹಿಡಿದಳು. ಮುದುಕಿ ಕಾರ್ಡಿನ ಹಿಂದೆ ಮುಂದೆ ನೋಡಿದಳು. "ಯಾಕ ಶಕುಂತಲಾ, ಪೋರಿಗಿ ಏನಾಗ್ಯಾದ? ಮಾತೇ ಬಂದ್ ಆಗ್ಯಾವಲ್ಲ."

ಊರಲ್ಲಿ ಸುದ್ದಿಯಾಯಿತು. ಕೆಲವರು ಹುಡುಗಿಗೆ ಸೊಕ್ಕು ಬಂತೆಂದರು, ಕೆಲವರು ಗಾಳಿ ಸೋಕಿದೆಯೆಂದರು. ಶಕುಂತಲಾಬಾಯಿ ಮಾತ್ರ ಹಿಗ್ಗಿದರು. "ಅನ್ನೋರು ಅನ್ಲಿರಿ. ನನ್ನ ಜೀವ ಈಗ ತಂಪಾಯ್ತು. ಸೋಮವಾರದಿಂದ ಕಳಸ್ತೇನಿ." ಅಂಗವಿಕಲರ ಬಸ್ ಪಾಸಿನ ಹಿಂದೆ ತಮ್ಮ ಫೋನ್ ನಂಬರು ಬರೆದು ಮಗಳ ಚೀಲದಲ್ಲಿಟ್ಟರು. ನಾನು ಮಾರ್ಥಾ ಅವರಿಗೆ ಫೋನು ಮಾಡಿ ನಮ್ಮ ಪ್ರಯೋಗ ಯಶಸ್ವಿಯಾಯಿತೆಂದು ತಿಳಿಸಿದೆ. ಅವರು ದೇವರಿಗೆ ಸ್ತೋತ್ರ ಹೇಳಿದರು. ನನ್ನ ಕೆಮ್ಮಿನ ಬಗ್ಗೆಯೂ ವಿಚಾರಿಸಿದರು.

ಔರಾದ

ಕೆಲವು ದಿನ ಎಲ್ಲ ಸುಸೂತ್ರ. ಸುಜಾತಾ ಬಸ್ಸು ಗುರುತಿಸುತ್ತಿದ್ದದ್ದು ಅದು ನಿಲ್ಲುವ ಜಾಗದಿಂದ. ಸಂತಪುರದ ಕಟ್ಟೆಯ ಮುಂದೆ ಹತ್ತುವುದು, ಪಾಸು ತೋರಿಸುವುದು, ಔರಾದಿನಲ್ಲಿ ಇಳಿಯುವುದು. ಸಂಜೆ ಔರಾದ ನಿಲ್ದಾಣದ ಮೂಲೆಯ ಕಂಬದ ಹತ್ತಿರ ಹತ್ತುವುದು. ಯಾರೊಂದಿಗೂ ಮಾತಿಲ್ಲ.

ರೊಟ್ಟಿ ಕೇಂದ್ರದ ಮಹಾದೇವಿಯವರು ನನ್ನನ್ನು ಕರೆಸಿ ದೂರು ಕೊಟ್ಟರು. "ಕೆಲಸಕ್ಕ ಹೆಸರಿಡಂಗಿಲ್ರಿ. ಒಂದ್ ರೊಟ್ಟಿ ಮುರಿಯಂಗಿಲ್ಲ. ಆದ್ರ ಹನ್ನೆರಡ್ ಮಂದಿ ಹೆಣಮಕ್ಕಳು ಕೂತು ರೊಟ್ಟಿ ಬಡಿಯೋ ಜಾಗ ಇದು. ಚಾ ಕುಡೀತಿ ಏನವ್ವ ಅಂದ್ರ ಕೆಂಪು ಚೀಟಿ ತೋರಸ್ತಾಳ. ನಮ್ಮನ್ನೇನು ಕಳ್ಳರಂತ ತಿಳದಾಳೇನ್ರಿ? ಹಿಂಗಾದ್ರ ಇಟ್ಕೊಳ್ಳೂದು ತ್ರಾಸ್ ಆಗ್ತದ."

ಆ ಹೆಂಗಸರನ್ನೆಲ್ಲ ಗೆಳತಿಯರ ವೃತ್ತಕ್ಕೆ ಸೇರಿಸಿ ಹೊಸ ಪಾಠ ಮಾಡುವುದೆಂದು ಇನ್ನೊಂದು ಸಂಜೆ ಔರಾದಿಗೆ ಹೋದೆ. ನಾನು ತಲುಪುವ ಹೊತ್ತಿಗೆ ಸುಜಾತಾ ಬಸ್ಸಿಗೆ ಹೊರಟುಹೋಗಿದ್ದಳು. ಮಹಾದೇವಿಯವರ ಜೊತೆ ಚಹಾ ಕುಡಿಯುತ್ತ ಕೂತೆ. ಕಪ್ಪು ಖಾಲಿಯಾಗಿ ಬಹಳ ಹೊತ್ತಾದ ಮೇಲೆ ಶಕುಂತಲಾಬಾಯಿಯವರ ಫೋನು ಬಂತು.

"ಟೀಚರ್, ಬಸ್ ಬಂತು. ಸುಜಾತಾ ಇಳೀಲಿಲ್ರಿ."

ನಿಲ್ದಾಣಕ್ಕೆ ಓಡಿದೆ. ಆ ದಿನ ಕಂಬದ ಹತ್ತಿರ ಒಂದು ಲಾರಿ ಕೆಟ್ಟು ನಿಂತಿತ್ತಂತೆ. ಸಂತಪುರದ ಬಸ್ಸು ಆಚೆ ಬದಿಗೆ ನಿಂತಿದೆ. ಲಾರಿಯ ಪಕ್ಕ, ಕಂಬದೆದುರಿನ ಸಂದಿನಲ್ಲಿ ಬೇರೆ ಬಸ್ಸೊಂದು ಬಂದು ನಿಂತಿದೆ. ಯಾವುದೆಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಹಣ್ಣಿನವನೊಬ್ಬ ಹೇಳಿದ, "ಕೊಳ್ಳಾಗ ಕೆಂಪು ಕಾಗದ ಹಾಕ್ಕೊಂಡಾಕೀ ಏನ್ರಿ? ಎಲ್ಲಿಗಿ ಹೊಂಟಿ ತಂಗಿ ಅಂತ ನಾ ಕೇಳ್ದೆ. ಕಾಗದ ತೋರ್ಸಿ ಬಸ್ ಹತ್ತಿದ್ಳು. ಬಾಯಿ ಬರಂಗಿಲ್ಲೇನೋ ಅನ್ಕೊಂಡೆ."

ಅವಳ ಪಾಸು ಸುತ್ತಲಿನ ಯಾವ ಬಸ್ಸಿಗೂ ನಡೆಯುತ್ತದೆ, ಕಂಡಕ್ಟರೂ ತಡೆದಿರಲಿಕ್ಕಿಲ್ಲ. ದಾರಿಯಲ್ಲಿ ಅವಳು ಯಾರನ್ನೇ ಕೇಳಿದ್ದರೂ, ಇದು ಸಂತಪುರಕ್ಕೆ ಹೋಗುವುದಿಲ್ಲ ತಾಯಿ ಎಂದು ಹೇಳಿ ಇಳಿಸುತ್ತಿದ್ದರು. ಹಿಂದಿನ ಸುಜಾತಾ ಆಗಿದ್ದರೆ ಬಸ್ಸು ನಿಲ್ದಾಣ ಬಿಡುವ ಮೊದಲೇ ಹತ್ತು ಮಂದಿಗೆ ಅವಳ ಊರು ಗೊತ್ತಿರುತ್ತಿತ್ತು. ಅವಳ ಬಾಯಿಗೆ ಬೀಗ ಹಾಕಲು ನಾನು ಸಮುದ್ರ ದಾಟಿ ಹೋಗಿ ಬಂದಿದ್ದೆ.

ಕಮಲನಗರ

ಮುಂದಿನ ಫೋನು ಬರುವ ತನಕ ಹೇಗಿದ್ದೆನೋ ಬರೆಯಲಾರೆ. ಫೋನು ಬಂದದ್ದು ಶಕುಂತಲಾಬಾಯಿಯವರಿಗೆ, ಕಮಲನಗರದಿಂದ. ಪಾಸಿನ ಹಿಂದಿದ್ದ ನಂಬರಿಗೆ ಯಾರೋ ಹೆಂಗಸು ಮಾಡಿದ್ದಳು. ಹುಡುಗಿ ಇಲ್ಲಿದ್ದಾಳೆ, ಗಾಬರಿ ಬೇಡ, ಬಂದು ಕರೆದೊಯ್ಯಿರಿ. ಶಕುಂತಲಾಬಾಯಿ ಪರಿಚಯದವರ ಜೀಪಿನಲ್ಲಿ ಔರಾದಿಗೆ ಬಂದು ನನ್ನನ್ನೂ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಅವರು ನನ್ನ ಕಡೆ ತಿರುಗಲಿಲ್ಲ.

ಇನ್ನೂ ಬೆಳಕಿತ್ತು. ಕಮಲನಗರದ ಬಸ್ಸು ನಿಲ್ಲುವಲ್ಲಿ ಭಜಿ ಕರಿಯುವ ಒಂದು ಗೂಡಂಗಡಿ. ಅದರ ಬೆಂಚಿನ ಮೇಲೆ ಸುಜಾತಾ ಕುಳಿತಿದ್ದಳು, ಸುತ್ತ ಏಳೆಂಟು ಜನ. ಕೈಯಲ್ಲಿ ಭಜಿಯ ಕಾಗದ. ತಾಯಿ ಹೋಗಿ ಅವಳನ್ನು ತಬ್ಬಿಕೊಂಡರು. ಭಜಿಯ ಎಣ್ಣೆ ಇಬ್ಬರ ಬಟ್ಟೆಗೂ ಆಯಿತು.

ಫೋನು ಮಾಡಿದ್ದವಳೂ ನಡೆದದ್ದನ್ನು ಹೇಳಿದವಳೂ ಭಜಿ ಕರಿಯುವ ಆಯಿ. ಹುಡುಗಿ ಬಸ್ಸಿಳಿದು ಸುಮ್ಮನೆ ಒಂದು ಕಡೆ ನಿಂತಿದ್ದಳು. ಯಾರು ಏನು ಕೇಳಿದರೂ ಕೆಂಪು ಕಾಗದ. ಆಗ ಬೈಕಿನ ಮೇಲೆ ಒಬ್ಬ ಬಂದ. ಎಲ್ಲಿಗೆ ಎಂದು ಅವನೂ ಕೇಳಿದ. ಕಾಗದ ತೋರಿಸಿದಳು. ಅವನು ಹೋಗದೆ, ಚೀಲದಿಂದ ಇಣುಕುತ್ತಿದ್ದ ಪಾಸು ಎಳೆದು ಓದಿ, ಸಂತಪುರ ಏನು, ನಾನೂ ಅತ್ತಲೇ ಹೊರಟಿದ್ದೇನೆ, ಹತ್ತು, ಬಿಡುತ್ತೇನೆ ಎಂದ.

"ಆವಾಗ ನಿಮ್ಮ ಪೋರಿ ಬಾಯಿ ತಗದ್ಲು ನೋಡ್ರಿ," ಎಂದಳು ಆಯಿ. "ನಿಂದ್ಯಾವ ಊರು ಅಂದ್ಲು. ಇಲ್ಲೇ ಅಂದ. ಇಲ್ಲೇ ಅಂದ್ರ ಎಲ್ಲಿ? ಸಂತಪುರದಾಗ ಯಾರ್ ಮನಿಗಿ ಹೊಂಟಿ? ಪಾಟೀಲರ ಮನಿಗಿ ಅಂದ. ಯಾವ ಪಾಟೀಲರು? ಅವರ ಮನಿ ಮುಂದ ಏನದ? ಅಂವಗ ಹೇಳ್ಲಾಕ ಬರ್ಲಿಲ್ಲ. ನೀ ಸಂತಪುರ ನೋಡೇ ಇಲ್ಲ, ನಾ ಒಲ್ಲೆ ಅಂತ ಜೋರಾಗಿ ಅಂದ್ಲು. ನಾ ಬಾಣಲಿ ಇಳಿಸಿ ಬಂದೆ. ಹೌದಪ್ಪಾ, ಯಾವೂರು ನಿಂದು ಅಂತ ನಾನೂ ಕೇಳ್ದೆ. ಆಮ್ಯಾಲ ಇವ್ರೂ ಕೇಳಿದ್ರು, ಅವ್ರೂ ಕೇಳಿದ್ರು. ಅಂವ ಪಾಸ್ ಒಗದು ಗಾಡಿ ಚಾಲೂ ಮಾಡ್ಕೊಂಡು ಹೋಗೇಬಿಟ್ಟ."

ಅವನು ಯಾರೋ ನನಗೆ ತಿಳಿಯದು. ನಿಜಕ್ಕೂ ದಾರಿಹೋಕ ಉಪಕಾರಿಯೇ ಆಗಿದ್ದು, ಪಾಟೀಲರ ಮನೆಯ ಮುಂದೆ ಏನಿದೆ ಎಂಬ ಪ್ರಶ್ನೆಗೆ ಹೆದರಿ ಓಡಿದ್ದರೂ ಓಡಿರಬಹುದು. ನಮ್ಮ ಕಡೆಯ ವಿಚಾರಣೆಗೆ ಎಂಥ ಸಂಭಾವಿತನೂ ಹೆದರುತ್ತಾನೆ. ಆದರೂ ಆ ಬೈಕಿನ ಹಿಂದಿನ ಸೀಟನ್ನು ನೆನೆದಾಗಲೆಲ್ಲ ನನಗೆ ಇವತ್ತೂ ಮೈ ತಣ್ಣಗಾಗುತ್ತದೆ.

ಸುಜಾತಾ ನನ್ನನ್ನು ಕಂಡು ತಲೆ ತಗ್ಗಿಸಿದಳು. ಪಾಠ ತಪ್ಪಿದೆನೆಂದು ಅವಳಿಗೆ ಅಂಜಿಕೆ. "ಟೀಚರ್, ನಾ ಬಸ್ಸಿನಾಗ ಮಾತಾಡ್ಲಿಲ್ರಿ. ಇಳದ ಮ್ಯಾಲೂ ಮಾತಾಡ್ಲಿಲ್ರಿ. ಅಂವ ಸುಳ್ಳ ಹೇಳ್ದ. ಅದಕ್ಕ ಕೇಳ್ದೆ."

"ಛಲೋ ಮಾಡಿದಿ," ಎಂದೆ.

ಅಷ್ಟರಲ್ಲಿ ಅವಳು ಆ ಬೆಂಚಿನ ಮೇಲಿದ್ದವರೆಲ್ಲರ ಊರು, ಮನೆ, ಮಕ್ಕಳ ಸಂಖ್ಯೆ ತಿಳಿದುಕೊಂಡಾಗಿತ್ತು. ಭಜಿಯ ಆಯಿಯ ಸೊಸೆ ತವರಿಗೆ ಹೋಗಿ ಮುನಿಸಿಕೊಂಡಿರುವುದನ್ನು ಜೀಪಿನಲ್ಲಿ ನಮಗೆ ತಿಳಿಸಿ, ತಾಯಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು.

ಸಂತಪುರದ ದಾರಿ

ಆಗ ನಾನೇ ಮಾತು ತೆಗೆದೆ. ಕಾರ್ಡು ತೆಗೆದುಬಿಡೋಣ, ನಾನು ಕಲಿಸಿದ್ದು ಈ ಮಣ್ಣಿಗಲ್ಲ, ಕೇಳುವುದೇ ಇಲ್ಲಿ ಕಾವಲು, ಅದನ್ನೇ ಕಲಿಸೋಣ ಎಂದೆ. ಇಷ್ಟಾದ ಮೇಲೆ ನೀವು ಅವಳನ್ನು ಕಳಿಸುವುದಿಲ್ಲವೆಂದರೂ ನನಗೆ ಅರ್ಥವಾಗುತ್ತದೆ ಎಂದೂ ಸೇರಿಸಿದೆ.

ಶಕುಂತಲಾಬಾಯಿ ಸೆರಗಿನಿಂದ ಮಗಳ ಬಟ್ಟೆಯ ಮೇಲಿನ ಎಣ್ಣೆ ಒರೆಸಿದರು.

"ಆ ಪ್ರಶ್ನಿ ಅಷ್ಟು ಛಲೋ ಅಲ್ಲರಿ ಟೀಚರ್," ಎಂದರು. "ಯಾವೂರು, ಯಾರ್ ಮನಿ, ಯಾರ ಪೈಕಿ. ನಮ್ಮಪ್ಪಗ ಹ್ವಾದಲ್ಲೆಲ್ಲ ಕೇಳ್ತಿದ್ರು. ಹೇಳಿದ್ರ ಚಾದ ಕಪ್ ಬ್ಯಾರೆ ಬರ್ತಿತ್ತು. ನಮ್ಮಪ್ಪ ಬಾಯಿ ಬಿಡ್ತಿದ್ದಿಲ್ಲ, ಚಾನೇ ಬ್ಯಾಡ ಅಂತ ಎದ್ದು ಬರ್ತಿದ್ದ. ನಂಗೂ ಕೇಳ್ಯಾರ, ಕೆಲಸಕ್ಕ ಸೇರಿದಾಗ. ಅದಕ್ಕೇ ನೀವು ಆ ಕೆಂಪು ಕಾರ್ಡ್ ಹಾಕಿದಾಗ ನಂಗ ಖುಷಿ ಆಗಿತ್ತು. ನನ್ನ ಮಗಳು ಯಾರಿಗೂ ಜವಾಬ್ ಕೊಡೋದು ಬ್ಯಾಡ ಅಂತ."

ನಮ್ಮ ಕಡೆಯ ಮಾತಿನ ಸೊಗಸನ್ನು ವಿಮಾನದಿಂದ ಹಿಡಿದು ಒಹಾಯೊವರೆಗೆ ಮೆರೆಸಿದ್ದೆ. ಅದರೊಳಗೆ ಈ ಬೇರೆ ಚಹಾದ ಕಪ್ಪೂ ಇದೆಯೆಂದು ಅಲ್ಲೆಲ್ಲೂ ನೆನಪಾಗಿರಲಿಲ್ಲ.

ಅವರು ಮಗಳ ಕೊರಳಿನ ದಾರವನ್ನು ನಿದ್ದೆ ಕೆಡದಂತೆ ಬಿಚ್ಚಿ ನನ್ನ ಕೈಗಿಟ್ಟರು. "ಇಷ್ಟ್ ದಿನ ಎಲ್ಲಾರೂ ನಮಗ ಕೇಳ್ಯಾರ್ರಿ. ಇವತ್ತ ನನ್ನ ಮಗಳು ಕೇಳ್ಯಾಳ, ಇನ್ನೊಬ್ಬಂವ ಹೆದ್ರ್ಯಾನ. ಯಾಕ ಕಳಸಂಗಿಲ್ರಿ? ಕಳಸ್ತೇನಿ."

ಮರುದಿನ ಬೆಳಿಗ್ಗೆ ನಾನೂ ಸಂತಪುರದ ಕಟ್ಟೆಯ ಹತ್ತಿರ ನಿಂತಿದ್ದೆ. ಶಕುಂತಲಾಬಾಯಿಯ ಮಾತೇನೋ ಗಟ್ಟಿಯಾಗಿತ್ತು. ಕೈ ಮಾತ್ರ ಮಗಳ ಮುಂಗೈಯನ್ನು ಬಿಡದೆ ಹಿಡಿದಿತ್ತು. ಬಸ್ಸು ಬಂತು. ಎಂದಿನ ಕಂಡಕ್ಟರು ರಜೆಯಲ್ಲಿದ್ದ. ಬಾಗಿಲಲ್ಲಿ ಹೊಸ ಹುಡುಗ, ಎಳೆ ಮೀಸೆ, ಹೊಸ ಬ್ಯಾಗು. "ಹತ್ರಿ, ಹತ್ರಿ, ಟೈಮ್ ಆಗ್ಯಾದ" ಎಂದು ಕೂಗುತ್ತಿದ್ದ.

ಸುಜಾತಾ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ನಿಂತಳು. "ಹೊಸಬರೇನ್ರಿ? ನಿಮ್ದ್ಯಾವ ಊರು?"

"ಏ ತಂಗಿ, ಮೊದ್ಲ ಹತ್ತು."

"ಊರು ಹೇಳ್ರಿ. ಹತ್ತತೇನಿ."

ಹಿಂದೆ ಜನ ಕಾಯುತ್ತಿದ್ದರು. ಡ್ರೈವರು ಹಾರ್ನು ಹೊಡೆದ. ಬಸ್ಸಿನೊಳಗಿನವರೆಲ್ಲ ಕಿಟಕಿಗೆ ಬಂದರು. ಹೇಳಪ್ಪಾ, ಹೇಳು, ಊರು ಹೇಳಲು ನಿನಗೇನಾಗಿದೆ ಎಂದು ಒಳಗಿನಿಂದ ಯಾರೋ ಗದರಿದರು. ಹುಡುಗ ಬ್ಯಾಗನ್ನು ಮುಂದಕ್ಕೆ ಎಳೆದುಕೊಂಡು, ಪರೀಕ್ಷೆಗೆ ನಿಂತವನಂತೆ ನೆಟ್ಟಗಾದ. ತನ್ನ ಊರು ಹೇಳಿದ, ತಂದೆಯ ಹೆಸರು ಹೇಳಿದ, ಸಂತಪುರದಲ್ಲಿ ತನ್ನ ಸೋದರತ್ತೆಯ ಮನೆ ಎಲ್ಲಿದೆಯೆಂದೂ, ಅದರ ಮುಂದೆ ಬೇವಿನ ಮರವಿದೆಯೆಂದೂ ಹೇಳಿದ. ಸುಜಾತಾ ಆ ಮರವನ್ನು ಮನಸ್ಸಿನಲ್ಲೇ ಹುಡುಕಿ, ಸಿಕ್ಕ ಮೇಲೆ, "ಹೌದು, ಅದ" ಎಂದು ತಲೆಯಾಡಿಸಿದಳು.

ಆಗ ಶಕುಂತಲಾಬಾಯಿ ಹಿಡಿದಿದ್ದ ಮುಂಗೈಯನ್ನು ಬಿಟ್ಟರು.